ನ್ಯಾಸರಕ್ಷಣೆ ಮತ್ತು ಪ್ರಮಾದ: ಕಳುವಾದ ಎರಡು ಲ್ಯಾಪ್‌ಟಾಪ್‌ಗಳ ಇತಿಹಾಸ

ನಂಬಿ ಇರಿಸಿದ ಒಡವೆಯನ್ನು ಇದ್ದಂತೆಯೇ ಕಾಪಾಡಿ ಹಿಂದಿರುಗಿಸುವುದು ವ್ಯಾಪಾರ ಧರ್ಮದ ಮೊದಲ ಪಾಠ. ನ್ಯಾಸವನ್ನು ಅಪಹರಿಸುವುದು ದೋಷವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ತಾನು ಅಪಹರಿಸದಿದ್ದರೂ, ಪೆಟ್ಟಿಗೆಗೆ ಬೀಗ ಹಾಕದೆ ಕಳ್ಳನಿಗೆ ದಾರಿ ಮಾಡಿಕೊಟ್ಟವನ ಹೊಣೆ ಎಷ್ಟು? ಆ ನ್ಯಾಸವು ಚಿನ್ನವೂ ಅಲ್ಲ, ಹಣವೂ ಅಲ್ಲ, ಬರಿಯ ಹೆಸರು, ವಿಳಾಸ, ಅಂಕೆಗಳು ಮಾತ್ರ ಎಂದಾದರೆ ಆ ಹೊಣೆ ಕಡಿಮೆಯಾಗುವುದೇ? ಗಣಕಯಂತ್ರಗಳ ಯುಗದಲ್ಲಿ ಈ ಪ್ರಾಚೀನ ಪ್ರಶ್ನೆ ಹೊಸ ರೂಪದಲ್ಲಿ ಅಮೆರಿಕದ ನ್ಯಾಯಾಲಯಗಳ ಮುಂದೆ ಬಂದಿತು.

ಇದಕ್ಕೆ ಮುನ್ನೆಚ್ಚರಿಕೆ 2006ರಲ್ಲಿಯೇ ದೊರೆತಿತ್ತು. ಆ ವರ್ಷದ ಮೇ ತಿಂಗಳಿನಲ್ಲಿ ಅಮೆರಿಕದ ನಿವೃತ್ತ ಯೋಧರ ಇಲಾಖೆಯ ನೌಕರರೊಬ್ಬರ ಮನೆಗೆ ಕಳ್ಳರು ನುಗ್ಗಿ, ಒಂದು ಲ್ಯಾಪ್‌ಟಾಪನ್ನೂ ಮಾಹಿತಿ ಸಂಗ್ರಹಿಸಿದ್ದ ಒಂದು ಹಾರ್ಡ್ ಡ್ರೈವನ್ನೂ ಒಯ್ದರು. ಅದರಲ್ಲಿ ಸುಮಾರು 2 ಕೋಟಿ 65 ಲಕ್ಷ ಜನರ ಹೆಸರು, ಜನ್ಮದಿನಾಂಕ ಮತ್ತು ಸಾಮಾಜಿಕ ಭದ್ರತಾ ಸಂಖ್ಯೆಗಳಿದ್ದವು. ಆ ದೇಶದಲ್ಲಿ ಬ್ಯಾಂಕಿನ ಖಾತೆ ತೆರೆಯುವುದಕ್ಕೂ ಸಾಲ ಪಡೆಯುವುದಕ್ಕೂ ಕೇಳುವ ಗುರುತು ಆ ಒಂಬತ್ತು ಅಂಕೆಗಳೇ. ಯಂತ್ರವು ಜೂನ್ ಅಂತ್ಯದಲ್ಲಿ ಮರಳಿ ದೊರೆಯಿತು. ಮಾಹಿತಿಯನ್ನು ಯಾರೂ ಓದಿದಂತಿಲ್ಲವೆಂದು ತನಿಖಾ ಸಂಸ್ಥೆ ತಿಳಿಸಿತು. ಆದರೂ ಯೋಧರು ಹೂಡಿದ ವ್ಯಾಜ್ಯದ ಇತ್ಯರ್ಥಕ್ಕಾಗಿ ಸರಕಾರವು 2009ರಲ್ಲಿ 2 ಕೋಟಿ ಡಾಲರ್ ನೀಡಲು ಒಪ್ಪಬೇಕಾಯಿತು.

ಈ ಪಾಠವನ್ನು ಎಲ್ಲರೂ ಕಲಿಯಲಿಲ್ಲ. ಅದೇ 2009ರ ಡಿಸೆಂಬರಿನಲ್ಲಿ ಫ್ಲೋರಿಡಾ ರಾಜ್ಯದ ಗೇನ್ಸ್‌ವಿಲ್ ನಗರದಲ್ಲಿದ್ದ ಆವ್‌ಮೆಡ್ ಎಂಬ ಆರೋಗ್ಯ ವಿಮಾ ಸಂಸ್ಥೆಯ ಕಚೇರಿಯಿಂದ ಎರಡು ಲ್ಯಾಪ್‌ಟಾಪ್‌ಗಳು ಕಳುವಾದವು. ಹಾಲಿ ಹಾಗೂ ಮಾಜಿ ಸದಸ್ಯರು ಸೇರಿ ಸುಮಾರು 12 ಲಕ್ಷ ಜನರ ವಿವರಗಳು ಅವುಗಳಲ್ಲಿದ್ದವು: ಹೆಸರು, ವಿಳಾಸ, ದೂರವಾಣಿ, ಸಾಮಾಜಿಕ ಭದ್ರತಾ ಸಂಖ್ಯೆ, ಆರೋಗ್ಯದ ಮಾಹಿತಿ. ಇವು ಗೂಢಲಿಪಿಯಲ್ಲಿರಲಿಲ್ಲ, ಯಂತ್ರ ಯಾರ ಕೈಗೆ ಸಿಕ್ಕಿತೋ ಅವರ ಕಣ್ಣಿಗೆ ತೆರೆದ ಪುಸ್ತಕವಾಗಿತ್ತು.

ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿದವರಲ್ಲಿ ಇಬ್ಬರ ಕಥೆ ಗಮನಾರ್ಹ. ಕಳವಾಗಿ ಹತ್ತು ತಿಂಗಳ ನಂತರ ಒಬ್ಬರ ಹೆಸರಿನಲ್ಲಿ ಅಪರಿಚಿತರು ಬ್ಯಾಂಕ್ ಖಾತೆ ತೆರೆದು, ಕ್ರೆಡಿಟ್ ಕಾರ್ಡು ಬಳಸಿ, ಅಂಚೆ ಇಲಾಖೆಯಲ್ಲಿ ಅವರ ವಿಳಾಸವನ್ನೂ ಬದಲಾಯಿಸಿದ್ದರು. ಮತ್ತೊಬ್ಬರಿಗೆ ಹದಿನಾಲ್ಕು ತಿಂಗಳ ನಂತರ ಇಂಥದೇ ಅನುಭವವಾಯಿತು. ಇವರಿಬ್ಬರೂ ತಮ್ಮ ಮಟ್ಟಿಗೆ ಬಹಳ ಎಚ್ಚರಿಕೆಯವರು. ಗುಟ್ಟಿನ ಕಾಗದಪತ್ರಗಳನ್ನು ಸುರಕ್ಷಿತ ಸ್ಥಳದಲ್ಲಿಟ್ಟು, ಬೇಡವಾದ ದಾಖಲೆಗಳನ್ನು ನಾಶಪಡಿಸುತ್ತಿದ್ದರೆಂದು ನ್ಯಾಯಾಲಯಕ್ಕೆ ನಿವೇದಿಸಿಕೊಂಡರು. ತಮ್ಮ ಮನೆಯಲ್ಲಿ ಅವರು ಕಾಪಾಡಿಕೊಂಡದ್ದು ಅನ್ಯರ ಕಚೇರಿಯಲ್ಲಿ ಕಳೆದುಹೋಗಿತ್ತು.

ಕೆಳಗಿನ ನ್ಯಾಯಾಲಯವು ಕಾನೂನು ಮನ್ನಿಸುವಂಥ ಹಾನಿಯನ್ನು ವಾದಿಗಳು ತೋರಿಸಿಲ್ಲವೆಂದು ಮೊಕದ್ದಮೆಯನ್ನು ವಜಾ ಮಾಡಿತು. 2012ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯದ ಪೀಠವು ಬಹುಮತದಿಂದ ಆ ತೀರ್ಪನ್ನು ತಿರುಗಿಸಿತು; ಒಬ್ಬ ನ್ಯಾಯಾಧೀಶರು ಮಾತ್ರ ಭಿನ್ನಮತ ವ್ಯಕ್ತಪಡಿಸಿದರು. ಕಳುವಾದ ಮಾಹಿತಿಯೂ ವಂಚನೆಗೆ ಬಳಕೆಯಾದ ಮಾಹಿತಿಯೂ ಒಂದೇ ಎಂದು ವಾದಿಗಳು ಹೇಳಿದ್ದರಿಂದ, ಎರಡಕ್ಕೂ ನಂಟಿರುವುದು ಸಂಭಾವ್ಯವೆಂದು ಬಹುಮತವು ಕಂಡುಕೊಂಡಿತು. ಅದಕ್ಕಿಂತ ಮುಖ್ಯವಾದ ವಾದ ಇನ್ನೊಂದಿತ್ತು. ಸದಸ್ಯರು ಕಟ್ಟಿದ ವಿಮಾ ಕಂತಿನಲ್ಲಿ ಮಾಹಿತಿ ರಕ್ಷಣೆಯ ವೆಚ್ಚವೂ ಸೇರಿದೆ. ರಕ್ಷಣೆ ಒದಗಿಸದೆ ಆ ಹಣವನ್ನು ಉಳಿಸಿಕೊಂಡರೆ ಅದು ಅನ್ಯಾಯದ ಗಳಿಕೆ ಎಂಬ ಈ ವಾದವನ್ನೂ ವಿಚಾರಣೆಗೆ ಯೋಗ್ಯವೆಂದು ನ್ಯಾಯಾಲಯ ಪರಿಗಣಿಸಿತು.

ಮುಂದೆ ಪ್ರಕರಣವು 30 ಲಕ್ಷ ಡಾಲರ್‌ಗಳ ರಾಜಿಯಲ್ಲಿ ಮುಗಿದು, 2014ರಲ್ಲಿ ಅದಕ್ಕೆ ನ್ಯಾಯಾಲಯದ ಅಂತಿಮ ಸಮ್ಮತಿ ದೊರೆಯಿತು. ವಂಚನೆಗೆ ಒಳಗಾದವರಿಗೆ ನಷ್ಟಪರಿಹಾರ ಪಡೆಯಲು ಅವಕಾಶವಿತ್ತು. ಏನೂ ವಂಚನೆಯಾಗದ ಸದಸ್ಯರೂ ಕಂತು ಕಟ್ಟಿದ ವರ್ಷಕ್ಕೆ 10 ಡಾಲರಿನಂತೆ, ಗರಿಷ್ಠ 30 ಡಾಲರ್ ಕೇಳಬಹುದಾಗಿತ್ತು. ಮೊತ್ತ ಅಲ್ಪ, ಅದರ ಹಿಂದಿನ ತತ್ತ್ವ ದೊಡ್ಡದು. ಕಳ್ಳತನದಿಂದ ಹಾನಿಯಾಗಲಿ ಬಿಡಲಿ, ಕಾಯುವೆನೆಂದು ಹಣ ಪಡೆದು ಕಾಯದಿರುವುದು ತಾನೇ ಒಂದು ಋಣವೆಂದು ಆ ರಾಜಿ ಸೂಚಿಸಿತು. ಲ್ಯಾಪ್‌ಟಾಪ್‌ಗಳಲ್ಲಿ ಗೂಢಲಿಪಿಯನ್ನು ಅಳವಡಿಸಿ, ನೌಕರರಿಗೆ ತರಬೇತಿ ನೀಡಲು ಸಂಸ್ಥೆ ಒಪ್ಪಿತು.

ಈ ಗೂಢಲಿಪಿ ಎಂದರೇನೆಂಬುದನ್ನು ಇಲ್ಲಿ ವಿಶದಪಡಿಸುವುದು ಉಚಿತ. ಲ್ಯಾಪ್‌ಟಾಪ್ ತೆರೆಯುವಾಗ ಕೇಳುವ ಪಾಸ್‌ವರ್ಡ್ ಮನೆಯ ಮುಂಬಾಗಿಲಿನ ಬೀಗವಿದ್ದಂತೆ. ಒಳಗಿನ ಡಿಸ್ಕನ್ನು ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿದರೆ, ಬೀಗವನ್ನು ಮುಟ್ಟದೆಯೇ ಎಲ್ಲವನ್ನೂ ಓದಬಹುದು. ಎನ್‌ಕ್ರಿಪ್ಷನ್ ಎಂದು ಕರೆಯಲಾಗುವ ಗೂಢಲಿಪಿಯಾದರೋ ಅಕ್ಷರಗಳನ್ನೇ ಗಣಿತದ ಸೂತ್ರದಿಂದ ಮಾರ್ಪಡಿಸುತ್ತದೆ; ಕೀಲಿಯಿಲ್ಲದವನಿಗೆ ಅವು ಅರ್ಥಹೀನ ಚಿಹ್ನೆಗಳು. ಆಗ ಕಳ್ಳನಿಗೆ ದಕ್ಕುವುದು ಯಂತ್ರ ಮಾತ್ರ, ಜನರ ಬದುಕಲ್ಲ.

ಈ ಭೇದವನ್ನು ಅರಿಯದಿದ್ದುದರ ಫಲ ಮತ್ತೆ 2013ರ ನವೆಂಬರಿನಲ್ಲಿ ಕಂಡಿತು. ನ್ಯೂಜೆರ್ಸಿಯ ನ್ಯೂಆರ್ಕ್ ನಗರದಲ್ಲಿ ಹರೈಸನ್ ಬ್ಲೂ ಕ್ರಾಸ್ ಬ್ಲೂ ಶೀಲ್ಡ್ ವಿಮಾ ಸಂಸ್ಥೆಯ ಕಚೇರಿಯಿಂದ ಎರಡು ಲ್ಯಾಪ್‌ಟಾಪ್‌ಗಳು ಕಳುವಾದವು. ಅವುಗಳನ್ನು ಉಕ್ಕಿನ ತಂತಿಯಿಂದ ಮೇಜಿಗೆ ಬಿಗಿಯಲಾಗಿತ್ತು, ಪಾಸ್‌ವರ್ಡ್ ಕೂಡ ಇತ್ತು, ಗೂಢಲಿಪಿ ಮಾತ್ರ ಇರಲಿಲ್ಲ. ಸುಮಾರು 8 ಲಕ್ಷ 40 ಸಾವಿರ ಸದಸ್ಯರ ವಿವರಗಳು ಬಯಲಾಗುವ ಸ್ಥಿತಿಗೆ ಬಂದವು. 2017ರಲ್ಲಿ ಸಂಸ್ಥೆಯು ರಾಜ್ಯ ಸರಕಾರಕ್ಕೆ 11 ಲಕ್ಷ ಡಾಲರ್ ಕೊಡಲು ಒಪ್ಪಿತು. ಯಂತ್ರದ ಬೆಲೆಯನ್ನು ಬಲ್ಲವರು ತಂತಿ ಬಿಗಿದಿದ್ದರು. ಅದರೊಳಗಿನ ನ್ಯಾಸದ ಬೆಲೆಯನ್ನು ಬಲ್ಲವರು ಅಲ್ಲಿರಲಿಲ್ಲ.

ಈ ಮೂರು ಪ್ರಸಂಗಗಳಲ್ಲಿಯೂ ಕದ್ದವನು ಬೇರೆ, ಪ್ರಮಾದಗೈದವನು ಬೇರೆ, ಅದರ ಫಲವನ್ನು ಉಣ್ಣಬೇಕಾದವನು ಮತ್ತೂ ಬೇರೆ. ಕೆಡಿಸುವ ಉದ್ದೇಶವಿಲ್ಲದವರಿಂದಲೂ ಅಜಾಗರೂಕತೆಯೊಂದರಿಂದಲೇ ಲಕ್ಷಾಂತರ ಮನೆಗಳ ನೆಮ್ಮದಿ ಕದಡಬಹುದೆಂಬುದಕ್ಕೆ ಇವು ನಿದರ್ಶನ. ಕಳೆದ ಹಣವನ್ನು ಮತ್ತೆ ಗಳಿಸಿ ತುಂಬಿಕೊಡಬಹುದು. ಅನ್ಯರ ಕೈ ಸೇರಿದ ಜನ್ಮದಿನಾಂಕವನ್ನೋ ರೋಗದ ವಿವರವನ್ನೋ ಹಿಂದಕ್ಕೆ ಪಡೆಯುವ ಬಗೆಯಿಲ್ಲ. ಆದ್ದರಿಂದ ಇತರರ ಹೆಸರುಗಳನ್ನು ಬರೆದಿಟ್ಟುಕೊಳ್ಳುವ ಯಾವುದೇ ಸಂಸ್ಥೆ, ದೊಡ್ಡದಿರಲಿ ಚಿಕ್ಕದಿರಲಿ, ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇಷ್ಟೆಲ್ಲ ಸಂಗ್ರಹಿಸುವ ಅಗತ್ಯ ನಮಗಿದೆಯೇ? ಇರುವುದಾದರೆ, ಇದನ್ನು ನಮ್ಮದೇ ಒಡವೆಯಂತೆ ಕಾಯುತ್ತಿದ್ದೇವೆಯೇ? ಬೇಡದ್ದನ್ನು ಸಂಗ್ರಹಿಸದಿರುವುದೇ ಮೊದಲ ರಕ್ಷಣೆ; ಸಂಗ್ರಹಿಸಿದ್ದನ್ನು ಎಚ್ಚರದಿಂದ ಕಾಯುವುದು ಎರಡನೆಯದು.