ಷಾಂಪೇನ್: ದೋಷವು ಗುಣವಾದ ಬಗೆ

ಪಾಶ್ಚಾತ್ಯರ ಔತಣಕೂಟಗಳಲ್ಲಿ ಷಾಂಪೇನಿಗಿರುವ ಮನ್ನಣೆಯು ಬೇರಾವ ಪಾನೀಯಕ್ಕೂ ಇಲ್ಲ. ವಿವಾಹವಾಗಲಿ, ನೂತನ ವರ್ಷಾರಂಭವಾಗಲಿ, ಅದರ ಬಿರಡೆಯನ್ನು ತೆಗೆಯುವುದೇ ಸಂತೋಷದ ಕುರುಹೆನಿಸಿದೆ. ಆದರೆ ಇಂದು ಅದಕ್ಕೆ ಭೂಷಣವಾಗಿರುವ ಗುಳ್ಳೆಗಳು ಒಂದು ಕಾಲದಲ್ಲಿ ದೋಷವೆಂದೇ ಎಣಿಸಲ್ಪಟ್ಟಿದ್ದವು. ಆ ದೋಷವು ಗುಣವಾದ ಬಗೆಯನ್ನು ಅರಿತಲ್ಲದೆ, ಅತಿಥಿಗಳಿಗೆ ಅದನ್ನು ನೀಡುವ ಕ್ರಮದ ಮರ್ಮವು ವಿಶದವಾಗದು.

ಷಾಂಪೇನ್ ಎಂಬುದು ಪ್ಯಾರಿಸಿಗೆ ಪೂರ್ವದಲ್ಲಿರುವ ಒಂದು ಪ್ರಾಂತದ ಹೆಸರು. ರೀಮ್ಸ್, ಎಪೆರ್ನೆ ಎಂಬ ಪಟ್ಟಣಗಳು ಅಲ್ಲಿಯ ದ್ರಾಕ್ಷಾಮದ್ಯದ ಕೇಂದ್ರಗಳು. ಆ ಶೀತಪ್ರದೇಶದಲ್ಲಿ ಶರತ್ಕಾಲದಲ್ಲಿ ಹಿಂಡಿದ ರಸವು ಪೂರ್ಣವಾಗಿ ಹುದುಗುವ ಮೊದಲೇ ಚಳಿಗೆ ಕಿಣ್ವವು ಜಡವಾಗುತ್ತದೆ. ವಸಂತದಲ್ಲಿ ಅದು ಮತ್ತೆ ಚೇತರಿಸಿಕೊಂಡು, ಉಳಿದ ಸಕ್ಕರೆಯಿಂದ ಅಂಗಾರಾಮ್ಲವಾಯುವನ್ನು ಹೊರಡಿಸುತ್ತದೆ. ಪೀಪಾಯಿಯಲ್ಲಿ ಆ ವಾಯುವು ಹೇಗೋ ಹೊರಬೀಳುವುದು. ಮುಚ್ಚಿದ ಶೀಸೆಯಲ್ಲಾದರೋ ಗಾಜನ್ನೇ ಸೀಳಿಬಿಡುವುದು.

1668ರಿಂದ 1715ರವರೆಗೆ ಓವಿಲೇ ಮಠದ ಉಗ್ರಾಣವನ್ನು ನೋಡಿಕೊಳ್ಳುತ್ತಿದ್ದ ಡಾಮ್ ಪೆರಿನ್ಯಾನ್ ಎಂಬ ಸಂನ್ಯಾಸಿಯೇ ಈ ಗುಳ್ಳೆಗಳ ಜನಕನೆಂಬ ಪ್ರತೀತಿಯುಂಟು. ಇದು 19ನೆಯ ಶತಮಾನದಲ್ಲಿ ಹಬ್ಬಿದ ಮಾತು. ಬೇರೆ ಬೇರೆ ತೋಟಗಳ ದ್ರಾಕ್ಷಿಯನ್ನು ಹದವರಿತು ಬೆರಸುವುದರಲ್ಲಿ ಆತನು ನಿಪುಣನಾಗಿದ್ದುದು ನಿಜ. ಗುಳ್ಳೆಗಳನ್ನಾದರೋ ತಡೆಯುವುದೇ ಆತನ ಯತ್ನವಾಗಿದ್ದಿತು. ಇತ್ತ ಇಂಗ್ಲೆಂಡಿನಲ್ಲಿ 1662ರಷ್ಟು ಹಿಂದೆಯೇ ಕ್ರಿಸ್ಟೋಫರ್ ಮೆರೆಟ್ ಎಂಬ ವೈದ್ಯನು, ಸಕ್ಕರೆ ಬೆರಸಿ ಮದ್ಯದಲ್ಲಿ ನೊರೆಯೇಳಿಸುವ ವಾಡಿಕೆಯನ್ನು ರಾಯಲ್ ಸೊಸೈಟಿಗೆ ನಿವೇದಿಸಿದ್ದನು. ಕಲ್ಲಿದ್ದಲ ಕುಲುಮೆಯಲ್ಲಿ ಸಿದ್ಧವಾದ ಅಲ್ಲಿನ ಗಾಜು ಹೆಚ್ಚು ಗಟ್ಟಿಯಾಗಿದ್ದುದೂ ಇದಕ್ಕೆ ಸಹಾಯಕವಾಯಿತು. 1728ರಲ್ಲಿ ಹದಿನೈದನೆಯ ಲೂಯಿ ದೊರೆಯು ಷಾಂಪೇನನ್ನು ಶೀಸೆಗಳಲ್ಲಿಯೇ ಸಾಗಿಸಲು ಅಪ್ಪಣೆಯಿತ್ತ ಮೇಲೆ ಅದರ ವ್ಯಾಪಾರವು ವಿಸ್ತರಿಸಿತು.

ಈ ವೈಭವದ ಭಾರವನ್ನು ಹೊತ್ತವರು ನೆಲಮಾಳಿಗೆಯ ಕೆಲಸಗಾರರು. ಒಂದು ಶೀಸೆ ಸಿಡಿದರೆ ಅದರ ಆಘಾತಕ್ಕೆ ನೆರೆಯವೂ ಸಿಡಿಯುತ್ತಿದ್ದುದರಿಂದ, ಅವರು ಮುಖಕ್ಕೆ ಕಬ್ಬಿಣದ ಕವಚವನ್ನು ಧರಿಸಿ ದುಡಿಯಬೇಕಾಗಿದ್ದಿತು. 1830ರ ದಶಕದಲ್ಲಿ ಫ್ರಾಂಸ್ವಾ ಎಂಬ ಔಷಧವ್ಯಾಪಾರಿಯು ಸಕ್ಕರೆಯ ಪ್ರಮಾಣವನ್ನು ಲೆಕ್ಕವಿಡುವ ಕ್ರಮವನ್ನು ತೋರಿದ ಮೇಲೆ ಈ ಅಪಾಯವು ಕ್ರಮೇಣ ತಗ್ಗಿತು. ಇದಕ್ಕೂ ಮುಂಚೆ, 1805ರಲ್ಲಿ 27ನೆಯ ವಯಸ್ಸಿನಲ್ಲಿ ವೈಧವ್ಯವನ್ನು ಹೊಂದಿದ ಕ್ಲಿಕೋ ಎಂಬ ಮಹಿಳೆಯು ಧೃತಿಗೆಡದೆ ಪತಿಯ ವ್ಯಾಪಾರವನ್ನು ತಾನೇ ವಹಿಸಿಕೊಂಡಳು. ಶೀಸೆಗಳನ್ನು ರಂಧ್ರವುಳ್ಳ ಹಲಗೆಯಲ್ಲಿ ತಲೆಕೆಳಗಾಗಿ ಓರೆಯಾಗಿ ನಿಲ್ಲಿಸಿ, ದಿನದಿನವೂ ತುಸುತುಸುವೇ ತಿರುಗಿಸಿ, ಗಸಿಯನ್ನು ಕೊರಳಿಗಿಳಿಸಿ ತೆಗೆಯುವ ಕ್ರಮವು ಆಕೆಯ ಮಾಳಿಗೆಯಲ್ಲಿಯೇ ರೂಪುಗೊಂಡಿತು. ಮದ್ಯವು ತಿಳಿಯಾದುದು ಹೀಗೆ.

ನೀಡುವ ಕ್ರಮಕ್ಕೆಲ್ಲ ಈ ಸೆರೆಸಿಕ್ಕ ವಾಯುವೇ ಕಾರಣ. ಶೀಸೆಯೊಳಗಿನ ಒತ್ತಡವು ವಾತಾವರಣದ ಒತ್ತಡದ 5-6 ಪಟ್ಟಿನಷ್ಟಿರುತ್ತದೆ. ತಂಪಾದ ದ್ರವದಲ್ಲಿ ವಾಯುವು ಹೆಚ್ಚು ಹೊತ್ತು ಕರಗಿ ನಿಲ್ಲುವುದರಿಂದ, ಮಂಜುಗಡ್ಡೆಯೂ ನೀರೂ ತುಂಬಿದ ಪಾತ್ರೆಯಲ್ಲಿ ಸುಮಾರು ಅರ್ಧ ಗಂಟೆಯಿರಿಸಿ, 8ರಿಂದ 10 ಡಿಗ್ರಿ ಸೆಂಟಿಗ್ರೇಡಿನಷ್ಟು ತಣಿಸುವರು. ಬಿರಡೆಯನ್ನು ಬಿಗಿದ ತಂತಿಯ ಜಾಲವು 1844ರಲ್ಲಿ ಜಾಕೆಸ್ಸೋನ್ ಎಂಬಾತನಿಂದ ಬಳಕೆಗೆ ಬಂದಿತು. ಅದನ್ನು ಸಡಿಲಿಸುವಾಗ ಹೆಬ್ಬೆರಳು ಬಿರಡೆಯ ಮೇಲಿರಬೇಕು. ಶೀಸೆಯನ್ನು ಓರೆಯಾಗಿ ಹಿಡಿದು, ಬಿರಡೆಯನ್ನಲ್ಲದೆ ಶೀಸೆಯನ್ನೇ ಮೆಲ್ಲನೆ ತಿರುಗಿಸಬೇಕು. ಅಗಲವಾದ ಬಟ್ಟಲಿನಲ್ಲಿ ವಾಯುವು ಬೇಗನೆ ಹಾರಿಹೋಗುವುದರಿಂದ ನೀಳವಾದ ಲೋಟವೇ ಲೇಸು. ಅದನ್ನು ಓರೆಮಾಡಿ, ನೊರೆಯಿಳಿದ ಮೇಲೆ ಇನ್ನೊಮ್ಮೆ ಹೊಯ್ಯುವುದು ವಾಡಿಕೆ.

ಬಿರಡೆಯು ಸದ್ದುಮಾಡಿ ಹಾರಿದಷ್ಟೂ ಔತಣಕ್ಕೆ ಕಳೆಯೇರುವುದೆಂದು ಭಾವಿಸುವವರು ಹಲವರು. ಹಾಗೆ ಹಾರಿದ ಬಿರಡೆಯಿಂದ ಕಣ್ಣಿಗೆ ಅಪಾಯವುಂಟು; ಅದರೊಡನೆ ಹೊರಬೀಳುವುದಾದರೋ, ಇಷ್ಟು ಮಂದಿಯ ಶ್ರಮದಿಂದ ಶೀಸೆಯಲ್ಲಿ ನಿಂತ ಆ ವಾಯುವೇ. ಬಲ್ಲ ಯಜಮಾನನು ನಿಟ್ಟುಸಿರಿನಂಥ ಸದ್ದಿನಿಂದಲೇ ಶೀಸೆಯನ್ನು ತೆರೆದು ಅತಿಥಿಗಳ ಮುಂದಿಡುವನು.