ತವರಿನ ಆಸ್ತಿ: ಹೆಣ್ಣುಮಕ್ಕಳ ಹಕ್ಕು ಯಾವತ್ತಿನಿಂದ?

"ಮದುವೆಯಾಗಿ ಹೋದವಳಿಗೆ ತವರಲ್ಲಿ ಏನು ಪಾಲು? ಅರಿಶಿನ-ಕುಂಕುಮಕ್ಕೆ ಅಂತ ಕೊಟ್ಟಾಯ್ತಲ್ಲ!" ಈ ಮಾತು ನೀವೂ ಕೇಳಿರ್ತೀರಿ. ಒಂದು ಕಾಲದಲ್ಲಿ ಕಾನೂನೂ ಹೆಚ್ಚುಕಡಿಮೆ ಹೀಗೇ ಇತ್ತು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಕೂಡುಕುಟುಂಬದ ಪಿತ್ರಾರ್ಜಿತ ಆಸ್ತಿ ಮೇಲೆ ಹುಟ್ಟಿನಿಂದ ಹಕ್ಕು ಇದ್ದದ್ದು ಗಂಡುಮಕ್ಕಳಿಗೆ ಮಾತ್ರ. ಒಂದು ಲೆಕ್ಕ ಹಾಕೋಣ. ಮನೇಲಿ ಅಪ್ಪ, ಒಬ್ಬ ಮಗ, ಒಬ್ಬಳು ಮಗಳು ಅಷ್ಟೇ ಇದ್ದಾರೆ. ಅಪ್ಪ ತೀರಿಕೊಂಡರೆ, ಮೊದಲು ಅಪ್ಪ-ಮಗನಿಗೆ ಅರ್ಧರ್ಧ. ಆಮೇಲೆ ಅಪ್ಪನ ಅರ್ಧದಲ್ಲಿ ಮಕ್ಕಳಿಬ್ಬರಿಗೂ ಸಮಪಾಲು. ಕೊನೆಗೆ ಮಗನಿಗೆ ಮುಕ್ಕಾಲು, ಮಗಳಿಗೆ ಕಾಲು!

ಕರ್ನಾಟಕದ ತಿದ್ದುಪಡಿ 1994ರ ಜುಲೈ 30ಕ್ಕೆ ಜಾರಿಗೆ ಬಂದು, ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟಿತು. ಆದ್ರೆ ಅದಕ್ಕೂ ಮೊದಲೇ ಮದುವೆಯಾದವರಿಗೆ ಇಲ್ಲ. ಅಂದ್ರೆ ಒಂದೇ ಮನೆಯಲ್ಲಿ ಅಕ್ಕನಿಗೆ ಇಲ್ಲ, ತಂಗಿಗೆ ಉಂಟು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಈ ಭೇದ ತೆಗೆದುಹಾಕಿತು.

ಆಗ ಹೊಸ ಪ್ರಶ್ನೆ: ಈ ಹಕ್ಕು ಯಾವತ್ತಿನಿಂದ? 2010ರಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ, ಮಗಳ ಹಕ್ಕು ಹುಟ್ಟಿನಿಂದಲೇ ಅಂತ ಹೇಳಿತು. 2015ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಇನ್ನೊಂದು ಕೇಸಲ್ಲಿ ಸುಪ್ರೀಂ ಕೋರ್ಟ್ ಬೇರೆ ದಾರಿ ಹಿಡಿಯಿತು: 2005ರ ಆ ದಿನ ಅಪ್ಪನೂ ಬದುಕಿರಬೇಕು, ಮಗಳೂ ಬದುಕಿರಬೇಕು. 2018ರಲ್ಲಿ, ಅದೂ ಕರ್ನಾಟಕದ್ದೇ ಕೇಸು, 2001ರಲ್ಲೇ ತಂದೆ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಸಮಪಾಲು ಸಿಕ್ಕಿತು. ಕೆಳಗಿನ ಕೋರ್ಟುಗಳು ಯಾವುದನ್ನು ಪಾಲಿಸಬೇಕು?

2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಗೆಹರಿಸಿತು. ಹಕ್ಕು ಹುಟ್ಟಿನಿಂದ, ಆ ದಿನ ಅಪ್ಪ ಬದುಕಿರಲೇಬೇಕು ಅಂತಿಲ್ಲ. ಹತ್ತು ವರ್ಷ ಮೊದಲು ನಮ್ಮ ಹೈಕೋರ್ಟ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಕೋರ್ಟಿನ ಕ್ರಮವೂ ಇಲ್ಲಿ ಮುಖ್ಯ. ವಿಭಾಗ ದಾವೆಯಲ್ಲಿ ಯಾರಿಗೆ ಎಷ್ಟು ಅಂತ ಹೇಳೋದು ಪ್ರಾಥಮಿಕ ಡಿಕ್ರಿ. ಜಮೀನು ಅಳೆದು ಹಂಚೋದು ಅಂತಿಮ ಡಿಕ್ರಿ. ಪ್ರಾಥಮಿಕ ಡಿಕ್ರಿ ಆಗಿದ್ದರೂ, ಅಂತಿಮ ಡಿಕ್ರಿ ಆಗೋವರೆಗೆ ಪಾಲು ಬದಲಾಗಬಹುದು ಅಂತ ಆ ಪೀಠ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಣಿಯಾದ ಪಾಲುಪಟ್ಟಿ ಅಥವಾ ಕೋರ್ಟ್ ಡಿಕ್ರಿಯಿಂದ ಆದ ವಿಭಾಗವನ್ನು ಮಾತ್ರ ಮತ್ತೆ ಕೆದಕುವಂತಿಲ್ಲ. "ಅವತ್ತೇ ಬಾಯಿಮಾತಲ್ಲಿ ಪಾಲು ಆಗಿಹೋಗಿದೆ" ಅನ್ನೋ ವಾದವನ್ನು ಸುಲಭಕ್ಕೆ ಒಪ್ಪಲ್ಲ, ಅದಕ್ಕೆ ಸರ್ಕಾರಿ ದಾಖಲೆಯ ಬಲ ಬೇಕು.

ಹಾಗಾಗಿ ಅಣ್ಣ-ತಮ್ಮಂದಿರು ಹಕ್ಕು ಬಿಡುಗಡೆ ಪತ್ರ ಮುಂದಿಟ್ಟು "ಸಹಿ ಹಾಕಮ್ಮ" ಅಂದಾಗ, ಬಿಟ್ಟುಕೊಡ್ತಿರೋದು ಎಷ್ಟು ಅಂತ ಮೊದಲು ಲೆಕ್ಕ ಹಾಕಿ. ಅಮ್ಮನಿಗೂ, ಅತ್ತೆಗೂ ಇದನ್ನೊಮ್ಮೆ ಕೇಳಿಸಿ.