ತಿಂಗಳ ಲೆಕ್ಕದಲ್ಲಿ ಸಾವಯವ

ನಮ್ಮ ಮಂಡ್ಯದ ಕಡೆ ಬೆಳೆಗೆ ಕೀಟನಾಶಕ ಸಿಂಪಡಿಸುವುದನ್ನು ಯಾರೂ ವಿಷ ಹೊಡೆಯುವುದು ಎನ್ನುವುದಿಲ್ಲ. ‘ಔಷಧಿ ಹೊಡೆಯುವುದು’ ಎನ್ನುತ್ತಾರೆ. ಬದನೆಗೆ ಔಷಧಿ ಹೊಡೆದಾಯಿತೇ, ಟೊಮೇಟೊಗೆ ಯಾವ ಔಷಧಿ ತಂದಿರಿ ಎಂದೇ ಮಾತಾಡಿಕೊಳ್ಳುತ್ತಾರೆ. ಸಾಲದ ಹೊರೆ ತಾಳಲಾರದೆ ಯಾರಾದರೂ ಅದೇ ಸೀಸೆಯನ್ನು ಬಾಯಿಗೆ ಎತ್ತಿದ ದಿನ ಮಾತ್ರ ಅದಕ್ಕೆ ವಿಷ ಎಂಬ ಹೆಸರು ಬರುತ್ತದೆ. ಒಂದು ಸೀಸೆಗೆ ಎರಡು ಹೆಸರು. ಸಾವಯವ ತರಕಾರಿ ಕೊಳ್ಳಬೇಕೇ ಬೇಡವೇ ಎಂದು ಇವತ್ತು ಯೋಚಿಸುವವರು ಈ ಎರಡು ಹೆಸರುಗಳ ಹಿಂದಿರುವ ಚರಿತ್ರೆಯನ್ನು ಒಮ್ಮೆ ನೋಡುವುದು ಒಳ್ಳೆಯದು.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಪೋಷಕರ ಸಭೆ ಮುಗಿದ ಮೇಲೆ ತಾಯಂದಿರು ಅಂಕಗಳ ಮಾತು ಬಿಟ್ಟು ಮನೆಯ ಮಾತಿಗೆ ಇಳಿಯುತ್ತಾರೆ. ‘ಮಿಸ್, ಮಕ್ಕಳಿಗೆ ಸಾವಯವದ್ದೇ ತಿನ್ನಿಸ್ಬೇಕು ಅಂತಾರಲ್ಲ, ನಮ್ಮಂಥೋರ ಕೈಲಿ ಆಯ್ತದಾ?’ ಎಂದು ಕೇಳುವವರಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರಿದ್ದಾರೆ, ಅಂಗನವಾಡಿಯಲ್ಲಿ ದುಡಿಯುವವರಿದ್ದಾರೆ. ಅವರ ದನಿಯಲ್ಲಿ ಒಂದು ಅಳುಕು ಇರುತ್ತದೆ. ದುಡ್ಡಿಲ್ಲದ್ದಕ್ಕೆ ಮಕ್ಕಳಿಗೆ ವಿಷ ಉಣಿಸುತ್ತಿದ್ದೇವೆಯೇ ಎಂಬ ಅಳುಕು ಅದು. ಆ ಅಳುಕನ್ನು ಹೋಗಲಾಡಿಸದೆ ಉಳಿದ ಯಾವ ಉಪದೇಶಕ್ಕೂ ಅರ್ಥವಿಲ್ಲವೆಂದು ನನಗೆ ಅನ್ನಿಸುತ್ತದೆ.

ಮೊದಲಿಗೆ ಹೇಳಬೇಕಾದ ಮಾತೆಂದರೆ, ಹಿಂದಿನ ಕಾಲವೆಲ್ಲ ಚಿನ್ನದ ಕಾಲವಾಗಿರಲಿಲ್ಲ. ನಮ್ಮ ಅಜ್ಜಿಯ ಕಾಲದಲ್ಲಿ ಎಲ್ಲವೂ ತಿಪ್ಪೆಗೊಬ್ಬರದ್ದೇ ಆಗಿತ್ತು ನಿಜ. ಆದರೆ ಮಳೆ ಕೈಕೊಟ್ಟ ವರ್ಷ ಹಿಟ್ಟಿಗೂ ತತ್ವಾರವಿತ್ತು. ಸೀಮೆಗೊಬ್ಬರ ನಮ್ಮ ನೆಲಕ್ಕೆ ಬಂದದ್ದು ಹಸಿವಿನ ದಾರಿಯಲ್ಲಿ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಅಮೋನಿಯ ಮಾಡುವ ವಿದ್ಯೆಯನ್ನು ಜರ್ಮನಿಯ ಫ್ರಿಟ್ಸ್ ಹಾಬರ್ 1909ರಲ್ಲಿ ತೋರಿಸಿಕೊಟ್ಟ. 1913ರಲ್ಲಿ ಅದರ ಕಾರ್ಖಾನೆ ಶುರುವಾಯಿತು. ಮದರಾಸಿನ ಕಡೆಯ ರಾಣಿಪೇಟೆಯಲ್ಲಿ 1906ರಲ್ಲೇ ಸೂಪರ್ ಫಾಸ್ಫೇಟ್ ತಯಾರಿಸುತ್ತಿದ್ದರು. ನಮ್ಮ ಹಳೆಯ ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. ಮೈಸೂರಿನ ಹತ್ತಿರದ ಬೆಳಗೊಳದಲ್ಲಿ 1940ರ ಆಸುಪಾಸಿನಲ್ಲೇ ಅಮೋನಿಯಂ ಸಲ್ಫೇಟ್ ಕಾರ್ಖಾನೆ ತಲೆಯೆತ್ತಿತು. ಕನ್ನಂಬಾಡಿಯ ನೀರು ಬಂದ ಬಯಲಿಗೆ ಗೊಬ್ಬರವೂ ಹಿಂದೆಯೇ ಬಂತು.

1965 ಮತ್ತು 1966ರ ಬರದಲ್ಲಿ ದೇಶ ಅಮೆರಿಕದ ಗೋಧಿಯ ಹಡಗುಗಳನ್ನು ಎದುರು ನೋಡುವಂತಾಯಿತು. 1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ಗಿಡ್ಡತಳಿಯ ಗೋಧಿ ಬೀಜ ತರಿಸಿದರು. ಅದೇ ವರ್ಷ ಫಿಲಿಪೀನ್ಸ್‌ನ ಭತ್ತ ಸಂಶೋಧನಾ ಸಂಸ್ಥೆಯಿಂದ ಐ.ಆರ್. 8 ಎಂಬ ಭತ್ತದ ತಳಿ ಹೊರಬಂತು. ಈ ತಳಿಗಳು ಗೊಬ್ಬರ ಉಂಡಷ್ಟೂ ತೆನೆ ಬಿಡುವಂಥವು. ಹುಲುಸಾಗಿ ಬೆಳೆದ ಪೈರನ್ನು ಹುಳುಗಳು ಹುಡುಕಿಕೊಂಡು ಬಂದವು. ಹುಳುಗಳ ಬೆನ್ನಿಗೆ ಸೀಸೆಗಳು ಬಂದವು. ಹಸಿರು ಕ್ರಾಂತಿಯನ್ನು ಬೈಯುವುದು ಈಗ ಸುಲಭ. ಆದರೆ ಬೈಯುವಷ್ಟು ಶಕ್ತಿ ಬಂದದ್ದು ಹೊಟ್ಟೆ ತುಂಬಿದ ಮೇಲೆ ಎಂಬುದನ್ನು ಪಾಠ ಮಾಡುವಾಗ ನಾನು ಮರೆಯದೆ ಹೇಳುತ್ತೇನೆ.

ಇನ್ನು ಸೀಸೆಯ ಕಥೆ. ಡಿಡಿಟಿಗೆ ಕೀಟ ಕೊಲ್ಲುವ ಗುಣವಿದೆಯೆಂದು ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ 1939ರಲ್ಲಿ ಕಂಡುಹಿಡಿದ; 1948ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಮಲೇರಿಯಾದಿಂದ ನಲುಗಿದ ಹಳ್ಳಿಗಳಲ್ಲಿ ಗೋಡೆಗೆ ಡಿಡಿಟಿ ಹೊಡೆದು ಜೀವ ಉಳಿಸಿದರು. ‘ಔಷಧಿ’ ಎಂಬ ಹೆಸರಿಗೆ ಬಲ ಬಂದದ್ದು ಹಾಗಿರಬೇಕು. ಆದರೆ ಅದರ ಇನ್ನೊಂದು ಮುಖ ಕಾಣಲು ತಡವಾಗಲಿಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಸೋರಿ ಬೆರೆತ ಗೋಧಿಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ವಿಚಾರಣೆಯ ಜಾಡಿನಲ್ಲೇ 1968ರಲ್ಲಿ ನಮ್ಮ ಕೀಟನಾಶಕ ಕಾಯಿದೆ ಹುಟ್ಟಿತು. ಅಷ್ಟರಲ್ಲಿ ಅಮೆರಿಕದ ರಾಚೆಲ್ ಕಾರ್ಸನ್ 1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಬರೆದು, ಹಕ್ಕಿಗಳ ಸಾವಿನ ಮೂಲಕ ಲೋಕವನ್ನು ಎಚ್ಚರಿಸಿದ್ದಳು.

ನಮಗೆ ಇನ್ನೂ ಹತ್ತಿರದ ಪಾಠ ಕಾಸರಗೋಡಿನದು. ಕನ್ನಡ ಮಾತಾಡುವ ಆ ಸೀಮೆಯಲ್ಲಿ ಕೇರಳದ ಪ್ಲಾಂಟೇಶನ್ ನಿಗಮದ ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಒಂದೆರಡು ವರ್ಷವಲ್ಲ, 2000ದವರೆಗೆ ಸುಮಾರು ಎರಡು ದಶಕ. ಕೆಳಗೆ ಮನೆಗಳಿದ್ದವು, ಶಾಲೆಗಳಿದ್ದವು, ತೆರೆದ ಬಾವಿಗಳೂ ತೋಡುಗಳೂ ಇದ್ದವು. ಅಂಗಾಂಗ ಊನವಾದ, ಬುದ್ಧಿ ಬೆಳೆಯದ ಮಕ್ಕಳ ಸಂಖ್ಯೆ ಅಲ್ಲಿ ಹೆಚ್ಚಾಗಿರುವುದನ್ನು ಊರಿನ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್ ಗುರುತಿಸಿದರು. ಪತ್ರಕರ್ತ ಶ್ರೀಪಡ್ರೆಯವರು ಬರೆದು ಹೊರಜಗತ್ತಿಗೆ ಮುಟ್ಟಿಸಿದರು. ಗಡಿಯ ಈಚೆಗೆ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಗೇರುತೋಟಗಳ ಕಥೆಯೂ ಅದೇ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನ್ ನಿಲ್ಲಿಸಿತು. ಆ ಊರುಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ಸಾಕಿದ ತಾಯಂದಿರಿಗೆ ಆ ತೀರ್ಪು ಬಹಳ ತಡವಾಗಿ ಬಂತು.

ಇದರಿಂದ ನಾನು ಕಲಿತದ್ದು ಒಂದು. ವಿಷದ ಮೊದಲ ಪೆಟ್ಟು ಬೀಳುವುದು ತಿನ್ನುವವರ ಮೇಲಲ್ಲ. ಸಿಂಪಡಿಸುವವರ ಮೇಲೆ, ತೋಟದ ಮಗ್ಗುಲಲ್ಲಿ ಬದುಕುವವರ ಮೇಲೆ. ನಮ್ಮಪ್ಪ ಮುಖಕ್ಕೆ ಟವಲು ಸುತ್ತಿಕೊಂಡು, ಬೆನ್ನಿಗೆ ಡಬ್ಬ ಏರಿಸಿ ಟೊಮೇಟೊಗೆ ಹೊಡೆಯುತ್ತಿದ್ದರು. ಅಂದು ಸಂಜೆ ತಲೆನೋವೆಂದು ಉಣ್ಣದೆ ಮಲಗುತ್ತಿದ್ದರು. ಅವ್ವ ಮಾತ್ರ ಬಾವಿಯ ಹತ್ತಿರ ದಂಟು, ಕೊತ್ತಂಬರಿಯ ಎರಡು ಮಡಿ ಬೇರೆಯೇ ಇಟ್ಟುಕೊಂಡಿದ್ದಳು. ‘ಅದು ಮನೆಗೆ ಕಣ್ರೀ, ಅತ್ತಾಗೆ ಹೋಗ್‌ಬ್ಯಾಡಿ’ ಎಂದು ಅಪ್ಪನನ್ನು ತಡೆಯುತ್ತಿದ್ದಳು. ಹೀಗೆ ಮನೆಗೊಂದು ಮಡಿ, ಸಂತೆಗೊಂದು ಹೊಲ ಇಟ್ಟುಕೊಂಡವರು ನಮ್ಮೂರಲ್ಲಿ ಇನ್ನೂ ಇದ್ದಾರೆ. ರೈತನಿಗೆ ತಿಳಿವಳಿಕೆ ಇಲ್ಲವೆನ್ನುವವರು ಈ ಮಡಿಗಳನ್ನು ನೋಡಬೇಕು. ತಿಳಿದೂ ಹೊಡೆಯುವಂತೆ ಮಾಡಿದ್ದು ಸಂತೆಯ ಬೆಲೆ. ಹುಳ ಕಚ್ಚಿದ ಬದನೆಯನ್ನು ನಾವು ಪಕ್ಕಕ್ಕೆ ಸರಿಸುತ್ತೇವಲ್ಲ, ಆ ಬೆರಳೂ ಅದರಲ್ಲಿ ಪಾಲುದಾರ.

ಹಾಗಾದರೆ ಸಾವಯವ ಎಂಬುದು ಎಲ್ಲಿಂದ ಬಂತು? ಕೃಷಿ ವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ 1905ರಲ್ಲಿ ಬಿಹಾರದ ಪೂಸಾಕ್ಕೆ ಬಂದ. ಕಲಿಸಲು ಬಂದವನು ಇಲ್ಲಿನ ರೈತರಿಂದ ಕಲಿತ. ಕಸ, ಸಗಣಿ, ಸೊಪ್ಪು ಒಟ್ಟಿ ಗೊಬ್ಬರ ಮಾಡುವುದನ್ನು 1924ರಿಂದ 1931ರವರೆಗೆ ಇಂದೂರಿನಲ್ಲಿ ಪ್ರಯೋಗ ಮಾಡಿ ಕ್ರಮಕ್ಕೆ ತಂದ. ಅದಕ್ಕೆ ಇಂದೂರು ಪದ್ಧತಿ ಎಂದೇ ಹೆಸರಾಯಿತು. 1940ರಲ್ಲಿ ಅವನ ದೊಡ್ಡ ಪುಸ್ತಕ ಬಂತು. ಅದೇ ವರ್ಷ ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನ್ ‘ಆರ್ಗ್ಯಾನಿಕ್’ ಎಂಬ ಪದವನ್ನು ಬೇಸಾಯಕ್ಕೆ ಅಂಟಿಸಿದ. ಆಮೇಲೆ ಜಪಾನಿನ ಫುಕುವೊಕಾ ಬಂದರು. ತೇಜಸ್ವಿಯವರ ‘ಸಹಜ ಕೃಷಿ’ಯಿಂದ ಕನ್ನಡದ ಓದುಗರಿಗೆ ಹತ್ತಿರವಾದರು. ನಮ್ಮ ತಿಪ್ಪೆ ಹೀಗೆ ಕಡಲು ದಾಟಿ, ಹೆಸರು ಬದಲಿಸಿಕೊಂಡು, ಬೆಲೆ ಕಟ್ಟಿಸಿಕೊಂಡು ತಿರುಗಿ ಬಂತು.

ಬೆಲೆಯ ಗುಟ್ಟೂ ಚರಿತ್ರೆಯಲ್ಲೇ ಇದೆ. ಸಾವಯವ ಉತ್ಪನ್ನದ ರಾಷ್ಟ್ರೀಯ ಕಾರ್ಯಕ್ರಮ 2000ದ ಹೊತ್ತಿಗೆ ಶುರುವಾದದ್ದು ವಾಣಿಜ್ಯ ಸಚಿವಾಲಯದಲ್ಲಿ, ರಫ್ತಿಗಾಗಿ. ಪರದೇಶದ ಗಿರಾಕಿ ರೈತನ ಮುಖ ಕಂಡವನಲ್ಲ. ಅವನಿಗೆ ಕಾಗದ ಬೇಕು. ಹೊಲ ಸಾವಯವಕ್ಕೆ ತಿರುಗಲು ವಾರ್ಷಿಕ ಬೆಳೆಗೆ ಎರಡು ವರ್ಷ, ತೋಟದ ಬೆಳೆಗೆ ಮೂರು ವರ್ಷ ಕಾಯಬೇಕು. ಆ ನಡುವೆ ಇಳುವರಿ ತಗ್ಗಿದರೂ ಬೆಲೆ ಏರುವುದಿಲ್ಲ. ಕಳೆ ಕೀಳುವ ಕೂಲಿ, ತಪಾಸಣೆಯ ಖರ್ಚು, ಬೇರೆಯಾಗಿ ಸಾಗಿಸುವ ಬಾಡಿಗೆ ಎಲ್ಲವೂ ಆ ಪೊಟ್ಟಣದ ಬೆಲೆಯೊಳಗಿವೆ. ನಮ್ಮ ರಾಜ್ಯ 2004ರಲ್ಲಿ ಸಾವಯವ ಕೃಷಿ ನೀತಿ ಮಾಡಿತು. 2011ರಲ್ಲಿ ಅಕ್ಕಪಕ್ಕದ ರೈತರು ಗುಂಪುಕಟ್ಟಿ ಒಬ್ಬರ ಹೊಲವನ್ನೊಬ್ಬರು ಪರೀಕ್ಷಿಸಿ ದೃಢೀಕರಿಸುವ ಅಗ್ಗದ ಕ್ರಮ ಬಂತು. 2017ರ ಆಹಾರ ಸುರಕ್ಷತಾ ನಿಯಮದಂತೆ ಪೊಟ್ಟಣದ ಮೇಲೆ ‘ಜೈವಿಕ್ ಭಾರತ್’ ಗುರುತು ಬಂತು. ನೇರವಾಗಿ ಗಿರಾಕಿಗೆ ಮಾರುವ ಸಣ್ಣ ಬೆಳೆಗಾರರಿಗೆ ಅದರಲ್ಲಿ ವಿನಾಯಿತಿ ಇದೆ. ಆದ್ದರಿಂದ ಗುರುತಿಲ್ಲದ ಸೊಪ್ಪೆಲ್ಲ ಸುಳ್ಳೂ ಅಲ್ಲ, ಬಾಯಲ್ಲಿ ಸಾವಯವವೆಂದದ್ದೆಲ್ಲ ನಿಜವೂ ಅಲ್ಲ.

ಇಷ್ಟು ಬೆಲೆ ತೆತ್ತರೆ ಮೈಗೆ ಏನು ಸಿಗುತ್ತದೆ? ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದವರು 2012ರಲ್ಲಿ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಕೂಡಿಸಿ ನೋಡಿ, ಸಾವಯವದಲ್ಲಿ ಪೋಷಕಾಂಶ ಹೆಚ್ಚೆನ್ನಲು ಬಲವಾದ ಪುರಾವೆ ಇಲ್ಲ, ಕೀಟನಾಶಕದ ಶೇಷ ಮಾತ್ರ ಕಡಿಮೆ ಎಂದರು. 2014ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನವರು ಅಂಥದೇ ಇನ್ನೊಂದು ಲೆಕ್ಕ ಮಾಡಿ, ಕೆಲವು ಒಳ್ಳೆಯ ಅಂಶಗಳು ಸಾವಯವದಲ್ಲಿ ಹೆಚ್ಚಿವೆ, ಕ್ಯಾಡ್ಮಿಯಂ ಕಡಿಮೆ ಇದೆ ಎಂದರು. ಪೋಷಕಾಂಶದ ವಾದ ಮುಗಿದಿಲ್ಲ. ಶೇಷ ಕಡಿಮೆಯೆಂಬಲ್ಲಿ ಇಬ್ಬರದೂ ಒಂದೇ ಮಾತು.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ಕು ಜನರ ಸಂಸಾರಕ್ಕೆ ವಾರಕ್ಕೆ 11 ಕೆ.ಜಿ. 200 ಗ್ರಾಂ ಆಯಿತು. ಸರಾಸರಿ ಕೆ.ಜಿ.ಗೆ 40 ರೂಪಾಯಿ ಎಂದಿಟ್ಟುಕೊಂಡರೆ 448 ರೂಪಾಯಿ. ಸಾವಯವಕ್ಕೆ ಎರಡರಷ್ಟು ಬೆಲೆ ಎಂದಿಟ್ಟುಕೊಂಡರೆ 896. ಕೈಯಲ್ಲಿರುವುದು 450 ರೂಪಾಯಿ ಮಾತ್ರವಾದರೆ ತಟ್ಟೆಗೆ ಬೀಳುವುದು ಅರ್ಧಕ್ಕರ್ಧ, ತಲೆಗೆ 200 ಗ್ರಾಂ. ಶೇಷದ ಭಯಕ್ಕೆ ಮಗುವಿನ ಪಾಲಿನ ಸೊಪ್ಪನ್ನೇ ಅರ್ಧ ಮಾಡಿದರೆ ನಷ್ಟ ಯಾರಿಗೆ? ಎಷ್ಟು ಹೆದರಿದರೂ ಈ ಲೆಕ್ಕ ಬದಲಾಗುವುದಿಲ್ಲ. ಮೊದಲು ತರಕಾರಿ, ಸಾವಯವ ಆಮೇಲೆ.

‘ಆಮೇಲೆ’ ಎಂದರೆ ಬೇಡವೆಂದಲ್ಲ. ತಿಂಗಳಿಗೆ ಇನ್ನೂರು ರೂಪಾಯಿ ಹೆಚ್ಚಿಗೆ ಹೊಂದಿಸಬಲ್ಲವರು ಅದನ್ನು ಎಲ್ಲದರ ಮೇಲೆ ಚೆಲ್ಲದೆ ಆರಿಸಿ ಹಾಕಬಹುದು. ಸಿಪ್ಪೆ ಸಮೇತ ತಿನ್ನುವ ದ್ರಾಕ್ಷಿ, ಹಸಿಯಾಗಿ ತಿನ್ನುವ ಸೊಪ್ಪು, ಹೂಕೋಸು, ಹಸಿಮೆಣಸಿನಕಾಯಿ, ಹುಳದ ಕಾಟಕ್ಕೆ ಮತ್ತೆ ಮತ್ತೆ ಹೊಡೆಸಿಕೊಳ್ಳುವ ಬದನೆ ಇಂಥವಕ್ಕೆ ಹಾಕಿದ ದುಡ್ಡಿಗೆ ಅರ್ಥವಿದೆ. ತೆಂಗು, ಬಾಳೆ, ಹಲಸು, ಈರುಳ್ಳಿ, ಗೆಣಸು, ಕುಂಬಳ ಸಿಪ್ಪೆ ಕಳೆದೇ ತಿನ್ನುವಂಥವು. ನುಗ್ಗೆಸೊಪ್ಪು ಹಿತ್ತಲಲ್ಲೇ ಸಿಗುತ್ತದೆ. ರಾಗಿಗೆ ದುಪ್ಪಟ್ಟು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಅದು ಹುಳುವಿಗೆ ಅಷ್ಟಾಗಿ ಬಗ್ಗದ ಧಾನ್ಯ. ಹಿಂದಿನವರು ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದದ್ದು ಸೀಸೆಯ ಬಲದಿಂದಲ್ಲ, ಬೀಜದ ಬಲದಿಂದ. ಕರಿಬೇವಿನಲ್ಲಿ ಶೇಷ ಸಿಕ್ಕಿತೆಂದು ಯೂರೋಪಿನವರು ನಮ್ಮ ಸರಕಿಗೆ ಬಿಗಿ ತಪಾಸಣೆ ಇಟ್ಟಿದ್ದರು. ಅಂಥ ಕರಿಬೇವು ಹಿತ್ತಲಲ್ಲಿ ಒಂದು ಗಿಡವಿದ್ದರೆ ಬೀದಿಗೇ ಸಾಲುತ್ತದೆ. ಕೊತ್ತಂಬರಿಗೆ ಒಡೆದ ಬಕೆಟ್ಟು ಸಾಕು.

ತೊಳೆಯುವುದರಲ್ಲೂ ವಿವೇಕವಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನವರು 2017ರಲ್ಲಿ ಸೇಬಿನ ಮೇಲೆ ಪ್ರಯೋಗ ಮಾಡಿ, ಅಡಿಗೆ ಸೋಡ ಬೆರೆಸಿದ ನೀರಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿದರೆ ಮೇಲ್ಮೈಯ ಔಷಧಿ ಬಹಳಮಟ್ಟಿಗೆ ಹೋಗುವುದನ್ನು ಕಂಡರು. ಒಳಕ್ಕೆ ಇಳಿದದ್ದು ಹೋಗಲಿಲ್ಲ. ನೆನೆಸಿ ತೊಳೆಯುವುದು ಖರ್ಚಿಲ್ಲದ ಕೆಲಸ, ಎಲ್ಲರೂ ಮಾಡಬಹುದು. ಅದಷ್ಟೇ ಸಾಕೆಂದು ಮಾತ್ರ ನಂಬಬಾರದು.

ಅವಸರದಿಂದ ಆಗುವ ಕೆಲಸವೂ ಇದಲ್ಲ. ಶ್ರೀಲಂಕಾ 2021ರ ಏಪ್ರಿಲಿನಲ್ಲಿ ರಾಸಾಯನಿಕ ಗೊಬ್ಬರವನ್ನು ಒಮ್ಮೆಗೇ ನಿಷೇಧಿಸಿ, ಭತ್ತ, ಚಹಾ ಎರಡೂ ಕುಸಿದು, ನವೆಂಬರಿನೊಳಗೆ ಆಜ್ಞೆಯನ್ನು ಹಿಂದಕ್ಕೆ ಪಡೆಯಿತು. ನೆಲಕ್ಕೂ ರೈತನಿಗೂ ಸಮಯ ಬೇಕು, ಆ ಸಮಯವನ್ನು ಯಾರಾದರೂ ಹೊರಬೇಕು. ಕೈಯಲ್ಲಿ ನಾಲ್ಕು ಕಾಸು ಮಿಗುವ ನಮ್ಮಂಥ ಸಂಬಳದವರು ಅದರ ಒಂದು ಪಾಲು ಹೊರಲಿ. ಸಂತೆಯಲ್ಲಿ ಗುರುತಿನ ಬೆಳೆಗಾರನೊಬ್ಬನನ್ನು ಮಾಡಿಕೊಂಡು, ತೂತು ಬಿದ್ದ ಎಲೆಯನ್ನು ಚೌಕಾಸಿ ಮಾಡದೆ ತೆಗೆದುಕೊಂಡರೆ, ಅವನ ಬೆನ್ನ ಮೇಲಿನ ಡಬ್ಬ ಒಂದು ಸಲವಾದರೂ ಕೆಳಗಿಳಿಯುತ್ತದೆ. ಆ ದುಡ್ಡು ನಮ್ಮ ಆರೋಗ್ಯಕ್ಕಿಂತ ಮೊದಲು ಅವನ ಆರೋಗ್ಯಕ್ಕೆ ಸಲ್ಲುತ್ತದೆ, ಸಲ್ಲಬೇಕಾದದ್ದೂ ಅಲ್ಲಿಗೇ. ಅಷ್ಟು ಮಿಗದ ತಾಯಂದಿರು ಅಳುಕಬೇಕಾಗಿಲ್ಲ. ಕಾಲಕ್ಕೆ ತಕ್ಕ ಅಗ್ಗದ ಸೊಪ್ಪನ್ನು ತಂದು, ಚೆನ್ನಾಗಿ ತೊಳೆದು, ಮಸ್ಸೊಪ್ಪು ಮಾಡಿ ಮುದ್ದೆಯ ಜೊತೆ ಧಾರಾಳವಾಗಿ ಬಡಿಸಲಿ.